ಗುರುವಿನ ಮೇಲೆ ಕರಿಕಲ್ಲಿಲ್ಲ: ಜೂನೊ ಅಳತೆ ನಡುವೆ ನಿಲ್ಲಬಾರದು ಯಾಕೆ?

ಬಸವನ ಬಾಗೇವಾಡಿಯಲ್ಲಿ ನಮ್ಮ ಕಾಕಾ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದ ಸುಟ್ಟ ಮೋಟಾರ್‌ಗಳು ಸಾಲಾಗಿ ಬರುತ್ತಿದ್ದವು. ರಜೆಯಲ್ಲಿ ನಾನು ಅಲ್ಲೇ ಕೂತು ಹಳೆಯ ತಾಮ್ರದ ತಂತಿ ಬಿಚ್ಚುತ್ತಿದ್ದೆ. ಅಂಗಡಿಯ ಡ್ರಾದಲ್ಲಿ ಒಂದು ಸಣ್ಣ ದಿಕ್ಸೂಚಿ ಇತ್ತು. ಒಂದು ದಿನ ಅದನ್ನು ಹೊಲಕ್ಕೆ ಒಯ್ದು ಬದುವಿನ ಒಂದು ಕರಿಕಲ್ಲಿನ ಮೇಲೆ ಇಟ್ಟೆ. ಮುಳ್ಳು ಉತ್ತರ ಬಿಟ್ಟು ಪಕ್ಕಕ್ಕೆ ಸರಿಯಿತು. ಎತ್ತಿ ಹಿಡಿದರೆ ಮತ್ತೆ ಉತ್ತರ. ಇಟ್ಟರೆ ಮತ್ತೆ ಪಕ್ಕಕ್ಕೆ. ಓಡಿ ಬಂದು ಕಾಕಾನಿಗೆ ಹೇಳಿದೆ. "ಕಲ್ಲಿನಾಗೂ ಆಯಸ್ಕಾಂತ ಇರತೈತಿ ತಮ್ಮಾ" ಅಂದರು, ಮತ್ತೆ ತಮ್ಮ ಕಾಯಿಲ್ ಸುತ್ತುವ ಕೆಲಸಕ್ಕೆ ತಿರುಗಿದರು.

ಅವರು ಹೇಳಿದ್ದು ನಿಜ. ವಿಜಯಪುರ ಜಿಲ್ಲೆಯ ಬಹುಪಾಲು ನಿಂತಿರುವುದು ಲಾವಾ ತಣ್ಣಗಾಗಿ ಆದ ಬಸಾಲ್ಟ್ ಮೇಲೆ. ನಮ್ಮ ಎರೆಮಣ್ಣು ಹುಟ್ಟಿದ್ದು ಅದರಿಂದಲೇ, ಗೋಳಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಲಾವಾ ತಣ್ಣಗಾಗುವಾಗ ಭೂಮಿಯ ಅಂದಿನ ಕಾಂತಕ್ಷೇತ್ರದ ದಿಕ್ಕು ಅದರೊಳಗಿನ ಕಬ್ಬಿಣದ ಕಣಗಳಲ್ಲಿ ಹಾಗೇ ಉಳಿದುಬಿಟ್ಟಿತು. ಅದರಲ್ಲೂ ಬಹಳಷ್ಟು ಪದರಗಳಲ್ಲಿ ದಿಕ್ಕು ಇಂದಿನದಕ್ಕೆ ಉಲ್ಟಾ ಇದೆ, ಯಾಕೆಂದರೆ ಆಗ ಭೂಮಿಯ ಉತ್ತರ ದಕ್ಷಿಣಗಳೇ ಅದಲು ಬದಲಾಗಿದ್ದವು.

ಗುರುಗ್ರಹದ ಬಗ್ಗೆ ಬರೆಯಲು ಹೋಗಿ ಹೊಲದ ಕಲ್ಲಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ. ಮೊದಲು ಸದ್ಯದ ವಿಷಯ.

ನಾಸಾದ ಜೂನೊ ನೌಕೆ 2011ರ ಆಗಸ್ಟ್ 5ರಂದು ಹೊರಟು 2016ರ ಜುಲೈನಲ್ಲಿ ಗುರುವನ್ನು ಸೇರಿತು. ಅದರ ಮೂಲ ಕೆಲಸ 2021ಕ್ಕೆ ಮುಗಿಯಿತು. ಆಮೇಲೆ ಅವಧಿಯನ್ನು 2025ರ ಸೆಪ್ಟೆಂಬರ್‌ವರೆಗೆ ವಿಸ್ತರಿಸಿದರು. ಇಷ್ಟು ಹೊತ್ತಿಗೆ ಅದು ಗುರುವಿನ ಹತ್ತಿರದಿಂದ 70ಕ್ಕೂ ಹೆಚ್ಚು ಸಲ ಹಾದುಹೋಗಿದೆ. ಅಮೆರಿಕ ಸರ್ಕಾರ 2026ರ ಹಣಕಾಸು ವರ್ಷಕ್ಕೆಂದು ಮುಂದಿಟ್ಟ ಬಜೆಟ್ ಪ್ರಸ್ತಾವದಲ್ಲಿ, ನಿಲ್ಲಿಸಬೇಕಾದ ನೌಕೆಗಳ ಸಾಲಿನಲ್ಲಿ ಜೂನೊ ಹೆಸರೂ ಇತ್ತು. ಹಣ ಉಳಿಸಬೇಕು, ಹೊಸ ನೌಕೆಗಳು ಹೇಗೂ ದಾರಿಯಲ್ಲಿವೆ, ಹಳೆಯದನ್ನು ಯಾಕೆ ಎಳೆಯಬೇಕು ಅನ್ನುವ ವಾದ ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಫೋಟೊಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಗುರುವಿನ ಮೋಡಗಳ ಚಿತ್ರ ಬೇಕಾದಷ್ಟು ಬಂದಿವೆ. ಆದರೆ ಜೂನೊ ಮಾಡುತ್ತಿರುವ ಕಾಂತಕ್ಷೇತ್ರದ ಅಳತೆಗೆ ಈ ವಾದ ಹೊಂದುವುದಿಲ್ಲ. ಆ ಕೆಲಸ ಅರ್ಧದಲ್ಲಿದೆ, ಅದನ್ನು ಮುಂದುವರಿಸಬಲ್ಲ ಇನ್ನೊಂದು ನೌಕೆ ದಾರಿಯಲ್ಲಿ ಇಲ್ಲ.

ಅಳತೆ ಹೇಗೆ ಮಾಡುತ್ತಾರೆ ಅನ್ನುವುದು ರಿವೈಂಡಿಂಗ್ ಅಂಗಡಿಯಲ್ಲಿ ಕೂತವರಿಗೆ ಸುಲಭವಾಗಿ ತಿಳಿಯುತ್ತದೆ. ಉಪಕರಣದ ಹೆಸರು ಫ್ಲಕ್ಸ್‌ಗೇಟ್. ಒಳಗೆ ಬೇಗ ಕಾಂತವಾಗಿ ಬೇಗ ಬಿಡುವ ಮೆದು ಲೋಹದ ಒಂದು ಕೋರ್, ಅದರ ಸುತ್ತ ತಂತಿ. ತಂತಿಗೆ ಎಸಿ ಕರೆಂಟ್ ಕೊಟ್ಟು ಕೋರನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಇನ್ನು ಸಾಕು ಅನ್ನುವಷ್ಟು ಕಾಂತಗೊಳಿಸುತ್ತಾರೆ. ಹೊರಗಿನಿಂದ ಯಾವ ಕಾಂತಕ್ಷೇತ್ರವೂ ಇಲ್ಲದಿದ್ದರೆ ಎರಡೂ ಕಡೆ ಸಮ. ಹೊರಗಿನದು ಸ್ವಲ್ಪ ಇದ್ದರೂ ಒಂದು ಕಡೆ ಮೊದಲು ತುಂಬುತ್ತದೆ. ಆ ವ್ಯತ್ಯಾಸವನ್ನು ಇನ್ನೊಂದು ಕಾಯಿಲ್ ಹಿಡಿಯುತ್ತದೆ. ಇಂಥ ಮೂರು, ಮೂರು ದಿಕ್ಕಿಗೆ. ಅಷ್ಟೇ.

ಕಷ್ಟ ಇರುವುದು ಬೇರೆ ಕಡೆ. ನೌಕೆಯೊಳಗೆ ವೈರ್‌ಗಳಿವೆ, ಮೋಟಾರ್‌ಗಳಿವೆ, ಸೋಲಾರ್ ಫಲಕದ ಕರೆಂಟ್ ಹರಿಯುತ್ತಿರುತ್ತದೆ. ಇವೆಲ್ಲ ತಮ್ಮದೇ ಕಾಂತಕ್ಷೇತ್ರ ಹುಟ್ಟಿಸುತ್ತವೆ. ಕಾಕಾ ಅಂಗಡಿಯೊಳಗೆ ದಿಕ್ಸೂಚಿ ಇಟ್ಟು ಉತ್ತರ ಹುಡುಕಿದ ಹಾಗೆ ಆಗುತ್ತದೆ. ಅದಕ್ಕೆ ಉಪಾಯ ದೂರ. ಸಣ್ಣ ಆಯಸ್ಕಾಂತದ ಪ್ರಭಾವ ದೂರ ಎರಡು ಪಟ್ಟಾದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಜೂನೊದ ಮೂರು ಉದ್ದನೆಯ ಫಲಕಗಳಲ್ಲಿ ಒಂದರ ತುದಿಗೆ ಸುಮಾರು 4 ಮೀಟರ್ ತೋಳು ಜೋಡಿಸಿ, ನೌಕೆಯ ನಡುಭಾಗದಿಂದ 10 ಮತ್ತು 12 ಮೀಟರ್ ದೂರದಲ್ಲಿ ಎರಡು ಸೆನ್ಸರ್ ಇಟ್ಟಿದ್ದಾರೆ. ಎರಡು ಯಾಕೆ ಅಂದರೆ, ನೌಕೆಯ ಸ್ವಂತ ಕಾಂತಕ್ಷೇತ್ರ ಹತ್ತಿರದ ಸೆನ್ಸರಿಗೆ ಜಾಸ್ತಿ, ದೂರದ್ದಕ್ಕೆ ಕಡಿಮೆ ತಾಗುತ್ತದೆ. ಎರಡರ ಅಂತರ ನೋಡಿ ಅದನ್ನು ಕಳೆಯಬಹುದು. ಜೊತೆಗೆ ಅಲ್ಲೇ ನಕ್ಷತ್ರ ನೋಡುವ ಕ್ಯಾಮೆರಾಗಳನ್ನೂ ಕೂರಿಸಿದ್ದಾರೆ, ಯಾಕೆಂದರೆ ಅಷ್ಟು ಉದ್ದದ ತೋಳು ಕೂದಲೆಳೆಯಷ್ಟು ಬಾಗಿದರೂ ದಿಕ್ಕಿನ ಲೆಕ್ಕ ತಪ್ಪುತ್ತದೆ.

ಈ ವಿದ್ಯೆ ನಮಗೆ ದೂರದ್ದಲ್ಲ. ಆದಿತ್ಯ-ಎಲ್1 ನೌಕೆಯ ಕಾಂತಮಾಪಕವನ್ನು ಮಾಡಿದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯ. ಅದರ 6 ಮೀಟರ್ ತೋಳು 2024ರ ಜನವರಿ 11ರಂದು ಬಾಹ್ಯಾಕಾಶದಲ್ಲಿ ಬಿಚ್ಚಿಕೊಂಡಿತು. ಅಲ್ಲೂ ಎರಡು ಸೆನ್ಸರ್, ಅಲ್ಲೂ ಅದೇ ಕಳೆಯುವ ಲೆಕ್ಕ.

ಈಗ ಜೂನೊ ಕಂಡದ್ದು. ನಾವು ವಿಜಯಪುರದಲ್ಲಿ ನಿಂತರೆ ನಮ್ಮ ಸುತ್ತ ಇರುವ ಭೂಮಿಯ ಕಾಂತಕ್ಷೇತ್ರ 40 ಸಾವಿರ ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಆಸುಪಾಸು. ಗುರುವಿನ ಹತ್ತಿರ ಹಾದಾಗ ಜೂನೊ ಅಳೆದದ್ದು 7.766 ಗಾಸ್, ಅಂದರೆ ಸುಮಾರು 7 ಲಕ್ಷ 76 ಸಾವಿರ ನ್ಯಾನೊಟೆಸ್ಲಾ. ಹಳೆಯ ಲೆಕ್ಕಗಳು ಇಷ್ಟನ್ನು ನಿರೀಕ್ಷಿಸಿರಲಿಲ್ಲ. ದಿಕ್ಕಿನಲ್ಲೂ ಒಂದು ವಿಶೇಷ ಇದೆ: ಗುರುವಿನ ಕಾಂತಕ್ಷೇತ್ರ ಇಂದಿನ ಭೂಮಿಗೆ ಉಲ್ಟಾ. ನಮ್ಮ ದಿಕ್ಸೂಚಿಯನ್ನು ಅಲ್ಲಿಗೆ ಒಯ್ದರೆ ಉತ್ತರದ ಮುಳ್ಳು ದಕ್ಷಿಣ ತೋರಿಸುತ್ತದೆ, ನಮ್ಮ ಕರಿಕಲ್ಲಿನ ಎಷ್ಟೋ ಪದರಗಳು ಹುಟ್ಟಿದ ಕಾಲದಲ್ಲಿ ಭೂಮಿಯ ಮೇಲೆ ತೋರಿಸುತ್ತಿದ್ದ ಹಾಗೆ.

ಆದರೆ ಬಲ ಎಷ್ಟು ಅನ್ನುವುದಕ್ಕಿಂತ ಆಕಾರ ಹೇಗಿದೆ ಅನ್ನುವುದು ದೊಡ್ಡ ಸಂಗತಿ. ಶಾಲೆಯಲ್ಲಿ ಕಾಗದದ ಕೆಳಗೆ ಆಯಸ್ಕಾಂತ ಇಟ್ಟು ಮೇಲೆ ಕಬ್ಬಿಣದ ಪುಡಿ ಉದುರಿಸಿದಾಗ ಬರುವ ಅಚ್ಚುಕಟ್ಟಾದ ಗೆರೆಗಳು ನೆನಪಿರಬಹುದು. ಗುರುವಿನ ದಕ್ಷಿಣಾರ್ಧ ಹೆಚ್ಚುಕಡಿಮೆ ಹಾಗೇ ಇದೆ. ಉತ್ತರಾರ್ಧ ಪೂರ್ತಿ ಬೇರೆ. ಅಲ್ಲಿ ಕಾಂತರೇಖೆಗಳು ಒಂದು ಕಿರಿದಾದ ಪಟ್ಟಿಯಿಂದ ಒತ್ತಾಗಿ ಹೊರಗೆ ಬರುತ್ತವೆ. ಅದರಲ್ಲಿ ಒಂದಷ್ಟು ಸಮಭಾಜಕದ ಹತ್ತಿರ ಒಂದೇ ಜಾಗದಲ್ಲಿ ಧುಮುಕಿ ಒಳಗೆ ಹೋಗುತ್ತವೆ. ಆ ಜಾಗಕ್ಕೆ ದೊಡ್ಡ ನೀಲಿ ಚುಕ್ಕೆ ಎಂದು ಹೆಸರಿಟ್ಟಿದ್ದಾರೆ. ದೂರದರ್ಶಕದಲ್ಲಿ ಕಾಣುವ ದೊಡ್ಡ ಕೆಂಪು ಚುಕ್ಕೆಗೂ ಇದಕ್ಕೂ ಸಂಬಂಧ ಇಲ್ಲ. ಕಣ್ಣಿಗೆ ಅಲ್ಲಿ ಏನೂ ನೀಲಿ ಕಾಣುವುದಿಲ್ಲ. ಒಳಗೆ ಹೋಗುವ ಕಾಂತಕ್ಷೇತ್ರಕ್ಕೆ ನಕ್ಷೆಯಲ್ಲಿ ನೀಲಿ ಬಣ್ಣ ಕೊಟ್ಟಿದ್ದರು, ಅದರಿಂದ ಬಂದ ಹೆಸರು.

ಇಂಥ ಸೂಕ್ಷ್ಮ ನಮ್ಮ ಭೂಮಿಯಲ್ಲೇ ನಮಗೆ ಕಾಣುವುದಿಲ್ಲ. ಈಗ ಕರಿಕಲ್ಲಿನ ಮಾತಿಗೆ ಬರುತ್ತೇನೆ. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು 2,900 ಕಿಲೋಮೀಟರ್ ಆಳದಲ್ಲಿ, ಕುದಿಯುವ ದ್ರವ ಕಬ್ಬಿಣದಲ್ಲಿ. ಅದರ ದೊಡ್ಡ ಆಕಾರ ಮೇಲಕ್ಕೆ ಬರುತ್ತದೆ. ಸಣ್ಣ ಸಣ್ಣ ವಿವರಗಳು ದೂರಕ್ಕೆ ಬೇಗ ಕ್ಷೀಣಿಸುತ್ತವೆ. ಅಳಿದುಳಿದ ಸಣ್ಣ ವಿವರದ ಮೇಲೆ ನಮ್ಮ ಬಸಾಲ್ಟ್‌ನಂಥ ಕಲ್ಲುಗಳು ತಮ್ಮದೇ ಕಾಂತವನ್ನು ಸೇರಿಸಿಬಿಡುತ್ತವೆ. ಯಾವುದು ಆಳದಿಂದ ಬಂದದ್ದು, ಯಾವುದು ಹೊಲದ ಕಲ್ಲಿನದು ಎಂದು ಬೇರೆ ಮಾಡಲು ಒಂದು ಹಂತದ ನಂತರ ಆಗುವುದೇ ಇಲ್ಲ. ಸಂತೆಯ ಗದ್ದಲದಲ್ಲಿ ಪಕ್ಕದ ಓಣಿಯ ಭಜನೆ ಕೇಳಿಸಿಕೊಂಡ ಹಾಗೆ.

ಗುರುವಿನ ಮೇಲೆ ಕಲ್ಲೇ ಇಲ್ಲ. ಮೇಲಿನಿಂದ ಅನಿಲ, ಕೆಳಗೆ ಹೋದಂತೆ ಒತ್ತಡ ಏರಿ ಏರಿ ಹೈಡ್ರೋಜನ್ ದ್ರವ ಲೋಹದಂತಾಗಿ ಕರೆಂಟ್ ಹರಿಸಲು ಶುರು ಮಾಡುತ್ತದೆ. ಕಾಂತಕ್ಷೇತ್ರ ಹುಟ್ಟಿಸುವ ಡೈನಮೊ ಇರುವುದು ಅಲ್ಲಿಯೇ. ಜೂನೊದ 33 ಸುತ್ತುಗಳ ಲೆಕ್ಕದ ಪ್ರಕಾರ ಆ ಡೈನಮೊ ಗ್ರಹದ ತ್ರಿಜ್ಯದ ಸುಮಾರು 80 ಶೇಕಡದಷ್ಟು ಮೇಲಕ್ಕೆ ಬಂದಿದೆ. ಭೂಮಿಯಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಅಂದರೆ ಒಂದು ಗ್ರಹದ ಡೈನಮೊವನ್ನು ಇಷ್ಟು ಹತ್ತಿರದಿಂದ, ನಡುವೆ ಗದ್ದಲ ಇಲ್ಲದೆ, ನೋಡಲು ಮನುಷ್ಯರಿಗೆ ಸಿಕ್ಕ ಮೊದಲ ಅವಕಾಶ ಗುರು. ನಮ್ಮ ಕಾಲ ಕೆಳಗಿನ ಡೈನಮೊ ಅರ್ಥವಾಗಲು 60 ಕೋಟಿ ಕಿಲೋಮೀಟರ್ ಆಚೆ ಹೋಗಬೇಕಾಗಿ ಬಂದಿದೆ. ನನಗೆ ಈ ಇಡೀ ಕಥೆಯಲ್ಲಿ ಮನಸ್ಸು ಹಿಡಿದ ಜಾಗ ಇದೇ.

ಹಾಗೆ ನೋಡಲು ಹತ್ತಿರ ಹೋಗಲೇಬೇಕು. ಜೂನೊ ಮೋಡಗಳ ಮೇಲೆ ಕೆಲವೇ ಸಾವಿರ ಕಿಲೋಮೀಟರ್ ಎತ್ತರದಲ್ಲಿ ಹಾಯುತ್ತದೆ. ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಸುಮಾರು ಎರಡು ತಾಸು. ಮತ್ತೆ ದೂರ ಹೋಗಿ ತಿರುಗಿ ಬರಲು ಮೊದಲು 53 ದಿನ ಬೇಕಿತ್ತು, ಚಂದ್ರಗಳ ಹತ್ತಿರ ಹಾದು ಹಾದು ಈಗ ಅದು ಸುಮಾರು 33 ದಿನಕ್ಕೆ ಇಳಿದಿದೆ. ಪ್ರತಿ ಸಲ ಕೆಳಗೆ ಗ್ರಹ ತಿರುಗಿರುತ್ತದೆ, ಹಾಗಾಗಿ ಬೇರೆ ಸಾಲು ಸಿಗುತ್ತದೆ. ನಮ್ಮ ಕಡೆ ಕೂರಿಗೆ ಹೊಡೆದ ಹಾಗೇ: ಮೊದಲು ಅಗಲ ಅಗಲ ಸಾಲು, ಆಮೇಲೆ ಎರಡು ಸಾಲಿನ ನಡುವೆ ಇನ್ನೊಂದು. ಸಾಲು ಒತ್ತಾದಂತೆ ನಕ್ಷೆ ಚೊಕ್ಕಟವಾಯಿತು.

ನಕ್ಷೆ ಸಿಕ್ಕಿತಲ್ಲ, ಮತ್ತೆ ಯಾಕೆ ಅಳೆಯಬೇಕು? ಈ ಪ್ರಶ್ನೆಗೆ ಉತ್ತರ ಆಲಮಟ್ಟಿಯಲ್ಲಿದೆ. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್ ಎಂದು ನಮ್ಮ ಜಿಲ್ಲೆಗಳಲ್ಲಿ ಹುಡುಗರಿಗೂ ಗೊತ್ತು. ಮಳೆಗಾಲದಲ್ಲಿ ಪೇಪರ್ ತೆಗೆದರೆ ಇಂದಿನ ಮಟ್ಟ, ಒಳಹರಿವು, ಹೊರಹರಿವು ದಿನಾ ಇರುತ್ತವೆ. ಒಂದು ದಿನದ ಮಟ್ಟ ಮಾತ್ರ ಕೊಟ್ಟು ಮಹಾರಾಷ್ಟ್ರದಿಂದ ಎಷ್ಟು ನೀರು ಬರುತ್ತಿದೆ ಹೇಳಿ ಅಂದರೆ ಯಾವ ಎಂಜಿನಿಯರಿಗೂ ಆಗುವುದಿಲ್ಲ. ನಿನ್ನೆಯದು ಬೇಕು, ಮೊನ್ನೆಯದು ಬೇಕು. ನಡುವೆ ಒಂದು ವಾರ ಬರೆಯದೆ ಬಿಟ್ಟರೆ ಆ ವಾರದ ಪ್ರವಾಹ ಲೆಕ್ಕದಿಂದಲೇ ಹೋಯಿತು.

ಗುರುವಿನ ಕಾಂತಕ್ಷೇತ್ರವೂ ಬದಲಾಗುತ್ತಿದೆ. ಇದು ಖಚಿತವಾಗಿ ಗೊತ್ತಾದದ್ದು 2019ರಲ್ಲಿ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಮೈ ಜುಮ್ ಅನ್ನುತ್ತದೆ. ಪಯೋನಿಯರ್ 10 ನೌಕೆ 1973ರ ಡಿಸೆಂಬರ್‌ನಲ್ಲಿ ಗುರುವಿನ ಪಕ್ಕ ಹಾಯಿತು, ಪಯೋನಿಯರ್ 11 ಮರುವರ್ಷ, ವಾಯೇಜರ್ 1979ರಲ್ಲಿ, ಯುಲಿಸಿಸ್ 1992ರಲ್ಲಿ. ಆ ಹಳೆಯ ಅಂಕಿಗಳನ್ನು ಜೂನೊದ ನಕ್ಷೆಯ ಪಕ್ಕ ಇಟ್ಟು ನೋಡಿದರು. ಹೊಂದಲಿಲ್ಲ. ಆ ವ್ಯತ್ಯಾಸದ ಬಹುಭಾಗ ನೀಲಿ ಚುಕ್ಕೆಯ ಸುತ್ತಲೇ ಇತ್ತು. ಗುರುವಿನ ಪಟ್ಟೆ ಪಟ್ಟೆ ಗಾಳಿಗಳು ಸುಮಾರು 3,000 ಕಿಲೋಮೀಟರ್ ಆಳಕ್ಕೆ ಇಳಿಯುತ್ತವೆ ಎಂದು ಜೂನೊದ ಗುರುತ್ವ ಅಳತೆ 2018ರಲ್ಲಿ ತೋರಿಸಿತ್ತು. ಆ ಆಳದಲ್ಲಿ ಹೈಡ್ರೋಜನ್ ಅಷ್ಟಿಷ್ಟು ಕರೆಂಟ್ ಹರಿಸುತ್ತದೆ. ಹಾಗಾಗಿ ಗಾಳಿ ಕಾಂತಕ್ಷೇತ್ರವನ್ನೂ ತನ್ನ ಜೊತೆ ಎಳೆಯುತ್ತದೆ. ಚುಕ್ಕೆ ಪೂರ್ವಕ್ಕೆ ಸೆಕೆಂಡಿಗೆ ಸುಮಾರು 4 ಸೆಂಟಿಮೀಟರ್ ಸರಿಯುತ್ತಿದೆ, ಒಂದು ಸುತ್ತು ಮುಗಿಸಲು ಸುಮಾರು 350 ವರ್ಷ. 1973ರಲ್ಲಿ ಅಳೆದವರಿಗೆ ಇದು ಗೊತ್ತಿರಲಿಲ್ಲ. ಅವರು ಸುಮ್ನೆ ನಿಷ್ಠೆಯಿಂದ ಅಳೆದು ಬರೆದಿಟ್ಟರು, 46 ವರ್ಷದ ನಂತರ ಆ ಅಂಕಿ ಕೆಲಸಕ್ಕೆ ಬಂತು.

2024ರಲ್ಲಿ ಇನ್ನೂ ಒಂದು ವಿಷಯ ಹೊರಬಂತು. ಚುಕ್ಕೆಯ ಚಲನೆ ಒಂದೇ ಸಮ ಇಲ್ಲ. ಆಳದ ಆ ಹರಿವು ಸುಮಾರು 4 ವರ್ಷಕ್ಕೊಮ್ಮೆ ಏರಿ ಇಳಿಯುತ್ತಿರುವ ಹಾಗೆ ಕಾಣುತ್ತದೆ. 4 ವರ್ಷದ ಏರಿಳಿತ ಅಂದರೆ, 2016ರಿಂದ ಲೆಕ್ಕ ಹಾಕಿದರೆ ನಮ್ಮ ಕೈಯಲ್ಲಿ ಎರಡು ಸುತ್ತು, ಬಹಳ ಅಂದರೆ ಎರಡೂವರೆ. ಎರಡು ಮಳೆಗಾಲ ನೋಡಿ ಮಳೆಯ ಲೆಕ್ಕ ಹೇಳುವ ರೈತ ನಮ್ಮಲ್ಲಿ ಇಲ್ಲ. ಇಂಥ ಹೊತ್ತಿನಲ್ಲಿ ಪುಸ್ತಕ ಮುಚ್ಚುವುದು ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ.

ಒಂದೇ ಸಲ ನೋಡಿ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಯುರೇನಸ್ ಇದೆ. 1986ರ ಜನವರಿಯಲ್ಲಿ ವಾಯೇಜರ್ 2 ಅದರ ಪಕ್ಕ ಹಾಯಿತು. ಅದರ ಕಾಂತವಲಯ, ಅಂದರೆ ಗ್ರಹದ ಸುತ್ತ ಅದರ ಕಾಂತಕ್ಷೇತ್ರದ ಹಿಡಿತ ಇರುವ ಜಾಗ, ಕಣಗಳಿಲ್ಲದೆ ವಿಚಿತ್ರವಾಗಿ ಬರಿದಾಗಿತ್ತು. ದಶಕಗಳ ಕಾಲ ಪುಸ್ತಕಗಳಲ್ಲಿ ಅದೇ ಬರೆದರು. 2024ರ ನವೆಂಬರ್‌ನಲ್ಲಿ ಹಳೆಯ ಅಂಕಿಗಳನ್ನು ಮತ್ತೆ ಜರಡಿ ಹಿಡಿದಾಗ ತಿಳಿದದ್ದು, ನೌಕೆ ಹೋಗುವ ಕೆಲವೇ ದಿನ ಮೊದಲು ಸೂರ್ಯನ ಕಣಗಳ ಗಾಳಿ ಜೋರಾಗಿ ಬೀಸಿ ಯುರೇನಸ್ಸಿನ ಕಾಂತವಲಯವನ್ನು ಒತ್ತಿಬಿಟ್ಟಿತ್ತು. ಅಂಥ ಸ್ಥಿತಿ ಅಲ್ಲಿ ನೂರರಲ್ಲಿ ನಾಲ್ಕು ಪಾಲು ಸಮಯ ಮಾತ್ರ ಇರುತ್ತದಂತೆ. ಅಲ್ಲಿಗೆ ಇನ್ನೊಂದು ನೌಕೆ ಇವತ್ತಿಗೂ ಹೋಗಿಲ್ಲ.

ಈಗ ದಾರಿಯಲ್ಲಿರುವ ಹೊಸ ನೌಕೆಗಳ ವಿಷಯ. ಯುರೋಪಿನ ಜ್ಯೂಸ್ 2023ರ ಏಪ್ರಿಲ್ 14ರಂದು ಹೊರಟಿದೆ, 2031ರ ಜುಲೈನಲ್ಲಿ ಗುರು ಸೇರುತ್ತದೆ. ನಾಸಾದ ಯುರೋಪಾ ಕ್ಲಿಪ್ಪರ್ 2024ರ ಅಕ್ಟೋಬರ್ 14ರಂದು ಹೊರಟಿದೆ, 2030ರ ಏಪ್ರಿಲ್‌ನಲ್ಲಿ ತಲುಪುತ್ತದೆ. ಎರಡರಲ್ಲೂ ಒಳ್ಳೆಯ ಕಾಂತಮಾಪಕ ಇದೆ. ಕ್ಲಿಪ್ಪರಿನ ತೋಳು 8.5 ಮೀಟರ್, ಜ್ಯೂಸ್‌ದು 10 ಮೀಟರಿಗೂ ಜಾಸ್ತಿ. ಅವುಗಳ ಕೆಲಸವೂ ಅದ್ಭುತ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಆ ಕೆಲಸ ಏನು ಅಂದರೆ, ಚಂದ್ರಗಳ ಮಂಜುಗಡ್ಡೆಯ ಕೆಳಗಿನ ಸಮುದ್ರವನ್ನು ಕಾಂತಕ್ಷೇತ್ರದ ಮೂಲಕ ಅಳೆಯುವುದು. ಗುರುವಿನ ಕಾಂತ ಅಕ್ಷ ಸುಮಾರು 10 ಡಿಗ್ರಿ ವಾಲಿದೆ. ಗ್ರಹ 10 ತಾಸಿಗೂ ಕಡಿಮೆಯಲ್ಲಿ ಒಂದು ಸುತ್ತು ತಿರುಗುತ್ತದೆ. ಹೀಗಾಗಿ ಯುರೋಪಾ ಚಂದ್ರನ ಮೇಲೆ ಕಾಂತಕ್ಷೇತ್ರ ಸುಮಾರು 11.2 ತಾಸಿಗೊಮ್ಮೆ ಓಲಾಡುತ್ತದೆ. ಓಲಾಡುವ ಕಾಂತಕ್ಷೇತ್ರದಲ್ಲಿ ಕರೆಂಟ್ ಹರಿಸಬಲ್ಲ ವಸ್ತು ಇದ್ದರೆ ಅದರೊಳಗೆ ಸುಳಿ ಸುಳಿಯಾಗಿ ಕರೆಂಟ್ ಹುಟ್ಟುತ್ತದೆ. ಮೋಟಾರಿನ ಸ್ಟೇಟರನ್ನು ಇಡಿಯ ಕಬ್ಬಿಣದಲ್ಲಿ ಮಾಡದೆ ತೆಳು ತೆಳು ಸ್ಟ್ಯಾಂಪಿಂಗ್ ಜೋಡಿಸಿ ಮಾಡುವುದು ಈ ಸುಳಿ ಕರೆಂಟಿಗೆ ಹೆದರಿಯೇ, ಇಲ್ಲದಿದ್ದರೆ ಕಬ್ಬಿಣ ಕಾಯುತ್ತದೆ. ಯುರೋಪಾದಲ್ಲಿ ಅದು ಹುಟ್ಟುವುದು ಉಪ್ಪುನೀರಿನಲ್ಲಿ. ಆ ಕರೆಂಟ್ ತನ್ನದೇ ಸಣ್ಣ ಕಾಂತಕ್ಷೇತ್ರ ಕಟ್ಟುತ್ತದೆ, ಗುರುವಿನದು ತಿರುಗಿದಾಗ ಇದೂ ತಿರುಗುತ್ತದೆ. 2000ದ ಜನವರಿಯಲ್ಲಿ ಗೆಲಿಲಿಯೊ ನೌಕೆ ಹತ್ತಿರ ಹಾದಾಗ, ವಿಜ್ಞಾನಿ ಮಾರ್ಗರೆಟ್ ಕಿವೆಲ್ಸನ್ ಅವರ ತಂಡ ಊಹಿಸಿದಂತೆಯೇ ದಿಕ್ಕು ತಿರುಗಿತ್ತು. ಮಂಜುಗಡ್ಡೆಯ ಕೆಳಗೆ ಸಮುದ್ರ ಇದೆ ಎಂದು ಇಂದು ನಾವು ಇಷ್ಟು ಧೈರ್ಯದಿಂದ ಹೇಳಲು ಮುಖ್ಯ ಕಾರಣ ಆ ಒಂದು ಅಳತೆ. ಕ್ಲಿಪ್ಪರ್ 49 ಸಲ ಹಾದು, 11.2 ತಾಸಿನ ಓಲಾಟದ ಜೊತೆ 85.2 ತಾಸಿನ ನಿಧಾನದ ಓಲಾಟವನ್ನೂ ಹಿಡಿದು, ಆ ಸಮುದ್ರ ಎಷ್ಟು ಆಳ, ಎಷ್ಟು ಉಪ್ಪು ಎಂದು ಬೇರೆ ಬೇರೆಯಾಗಿ ಹೇಳಲಿದೆ.

ಆದರೆ ಗಮನಿಸಿ. ಕ್ಲಿಪ್ಪರ್ ಇರುವುದು ಯುರೋಪಾ ದೂರದಲ್ಲಿ, ಗುರುವಿನ ತ್ರಿಜ್ಯದ 9 ಪಟ್ಟಿಗೂ ಆಚೆ. ಅಲ್ಲಿ ಗುರುವಿನ ಕಾಂತಕ್ಷೇತ್ರ ಸುಮಾರು 450 ನ್ಯಾನೊಟೆಸ್ಲಾಗೆ ಇಳಿದಿರುತ್ತದೆ. ನೀಲಿ ಚುಕ್ಕೆಯಂಥ ಸಣ್ಣ ವಿವರ ಅದಕ್ಕಿಂತ ಎಷ್ಟೋ ಬೇಗ ಮಾಯವಾಗಿರುತ್ತದೆ. ಜ್ಯೂಸ್ ಕೊನೆಗೆ ಗ್ಯಾನಿಮೀಡ್ ಚಂದ್ರನ ಸುತ್ತ ನೆಲೆಸುತ್ತದೆ, ಅದು ಇನ್ನೂ ದೂರ. ಎರಡೂ ನೌಕೆಗಳು ಗುರುವಿನ ಮೋಡಗಳ ಹತ್ತಿರ ಇಳಿಯುವುದಿಲ್ಲ. ಹೊಸ ನೌಕೆಗಳು ಬರುತ್ತಿವೆ ಅನ್ನುವ ವಾದ ಇಲ್ಲಿ ಮುರಿದು ಬೀಳುತ್ತದೆ. ಅವು ಬಂದ ಮೇಲೂ ಡೈನಮೊದ ಅಳತೆಗೆ ಬದಲಿ ಇಲ್ಲ.

ಆ ಕಡೆಯ ವಾದದಲ್ಲೂ ಸತ್ಯ ಇದೆ. ಗುರುವಿನ ಕಾಂತಕ್ಷೇತ್ರ ಹಿಡಿದಿಟ್ಟ ಕಣಗಳು ನೌಕೆಯನ್ನು ದಿನೇ ದಿನೇ ತಿನ್ನುತ್ತಿವೆ. ಆ ಕಣಗಳಿಗೆ ಮೇವು ಕೊಡುವುದು ಅಯೋ ಚಂದ್ರನ ಜ್ವಾಲಾಮುಖಿಗಳು, ಸೆಕೆಂಡಿಗೆ ಸುಮಾರು ಒಂದು ಟನ್. ಜೂನೊದ ಮುಖ್ಯ ಎಲೆಕ್ಟ್ರಾನಿಕ್ಸ್ ಒಂದು ಸೆಂಟಿಮೀಟರ್ ದಪ್ಪದ ಟೈಟೇನಿಯಂ ಪೆಟ್ಟಿಗೆಯೊಳಗಿದೆ, ಹೊರಗಿರುವ ಕ್ಯಾಮೆರಾಕ್ಕೆ ಅಷ್ಟು ರಕ್ಷಣೆ ಇಲ್ಲ. 2023ರಲ್ಲಿ ಅದರ ಚಿತ್ರಗಳು ಕೆಟ್ಟು ಹೋದವು. ತಂಡದವರು ಅದನ್ನು ಬೇಕೆಂದೇ ಬಿಸಿ ಮಾಡಿ ಮತ್ತೆ ಸರಿ ಮಾಡಿದರು. ಕ್ಲಿಪ್ಪರ್ ಹೊರಡುವ ಕೆಲವೇ ತಿಂಗಳು ಮೊದಲು ಅದರ ಕೆಲವು ಟ್ರಾನ್ಸಿಸ್ಟರ್‌ಗಳು ಈ ವಿಕಿರಣ ತಡೆಯಲಾರವು ಎಂದು ಗೊತ್ತಾಗಿ ಎಲ್ಲರೂ ಕಂಗಾಲಾಗಿದ್ದರು. ಪರೀಕ್ಷೆ ಮಾಡಿದಾಗ, ಎರಡು ಹಾಯುವಿಕೆಯ ನಡುವೆ ದೂರ ಇರುವ ದಿನಗಳಲ್ಲಿ ಅವು ಚೇತರಿಸಿಕೊಳ್ಳುತ್ತವೆ ಎಂದು ತಿಳಿಯಿತು. ಇಂಥ ವಿಕಿರಣದ ನಡುವೆ ಜೂನೊ ಯಾವ ದಿನ ಬೇಕಾದರೂ ಸುಮ್ಮನಾಗಬಹುದು. ಅದರ ದಾರಿಯೂ ಸುತ್ತಿನಿಂದ ಸುತ್ತಿಗೆ ಉತ್ತರಕ್ಕೆ ವಾಲುತ್ತಿದೆ, ದಕ್ಷಿಣಾರ್ಧ ಈಗ ಮೊದಲಿನಷ್ಟು ಹತ್ತಿರದಿಂದ ಸಿಗುವುದಿಲ್ಲ.

ನೌಕೆ ತಾನಾಗಿ ನಿಂತರೆ ಅದನ್ನು ಯಾರೂ ತಡೆಯಲಾಗದು. ಕೆಲಸ ಮಾಡುತ್ತಿರುವಾಗಲೇ ಸ್ವಿಚ್ ಆಫ್ ಮಾಡುವುದು ಬೇರೆ ಮಾತು. ನೌಕೆ ಕಟ್ಟಿ, ಹಾರಿಸಿ, 5 ವರ್ಷ ಪ್ರಯಾಣ ಮಾಡಿಸಿ ಅಲ್ಲಿಗೆ ಮುಟ್ಟಿಸಿದ ಖರ್ಚು ಆಗಿಹೋಗಿದೆ. ಈಗ ಬೇಕಿರುವುದು ಆಲಿಸಲು ಆಂಟೆನಾ ಸಮಯ, ಲೆಕ್ಕ ಹಾಕಲು ಜನ. ಎಲ್ಲ ಉಪಕರಣ ನಡೆಸಲು ಹಣ ಸಾಲದಿದ್ದರೆ ಕ್ಯಾಮೆರಾ ಬಿಡಲಿ, ಬೇರೆ ಕೆಲವನ್ನೂ ಬಿಡಲಿ. ಕಾಂತಮಾಪಕ ಮತ್ತು ಅದರ ನಕ್ಷತ್ರ ಕ್ಯಾಮೆರಾಗಳನ್ನಾದರೂ ಉಳಿಸಿ, 33 ದಿನಕ್ಕೊಮ್ಮೆ ಆ ಎರಡು ತಾಸಿನ ಅಂಕಿಗಳನ್ನು ಇಳಿಸಿಕೊಳ್ಳುತ್ತಿರಲಿ. ಅದರಲ್ಲೂ ನೀಲಿ ಚುಕ್ಕೆಯ ಮೇಲೆ ಹಾಯುವ ಸುತ್ತುಗಳನ್ನು ಒಂದೂ ಬಿಡದೆ. 4 ವರ್ಷದ ಆ ಏರಿಳಿತ ನಿಜವಾಗಿದ್ದರೆ ಅದರ ಮೂರನೇ ಸುತ್ತು ಮುಗಿಯುವುದು 2028ರ ಹೊತ್ತಿಗೆ.